ಬೆಂಡು ಮಣ್ಣಾಗುತ್ತದೆ, ಥರ್ಮಾಕೋಲ್ ಉಳಿಯುತ್ತದೆ

ನೊರೆಯನ್ನು ಗಟ್ಟಿಗೊಳಿಸಿ ಮಾಡಿದ ವಸ್ತುವೇ ಫೋಮ್. ಹಾಸಿಗೆ, ಸೋಫಾಗಳೊಳಗಿನದು ಮೆತ್ತನೆಯ ಪಾಲಿಯುರೆಥೇನ್. ಟಿವಿ ಪೆಟ್ಟಿಗೆಯ ಮೂಲೆಗಳಲ್ಲಿ ಬರುವ ಬಿಳಿಯ ಥರ್ಮಾಕೋಲ್ ಪಾಲಿಸ್ಟೈರೀನ್. ಥರ್ಮಾಕೋಲಿನ ಗಾತ್ರದಲ್ಲಿ ಶೇಕಡಾ 95ಕ್ಕೂ ಹೆಚ್ಚು ಭಾಗ ಬರಿಯ ಗಾಳಿ. ಆ ಗಾಳಿ ಅಲುಗಾಡದೆ ಸೆರೆಯಾಗಿರುವುದರಿಂದಲೇ ಅದು ಲಸಿಕೆಯ ತಂಪನ್ನು ಕಾಯುತ್ತದೆ. ಈ ಉಪಯೋಗವನ್ನು ಅಲ್ಲಗಳೆಯಬೇಕಿಲ್ಲ.

ಆದರೆ ಒಂದು ದಿನದ ಮದುವೆ ಮಂಟಪಕ್ಕೆ ಅದು ಬೇಕೆ? ತೀರ ಹಗುರವಾದುದರಿಂದ ಗುಜರಿಯವರಿಗೆ ಸಾಗಣೆಯ ವೆಚ್ಚವೂ ಹುಟ್ಟದು. ಎಸೆದರೆ ಮೊದಲ ಮಳೆಗೇ ಹಳ್ಳ ಸೇರಿ, ಕಾಳುಕಾಳಾಗಿ ಒಡೆದು ಮೀನಿನ ಹೊಟ್ಟೆ ಹೊಗುತ್ತದೆ. ಸುಟ್ಟರೆ ಕರಿಹೊಗೆಯೊಡನೆ ಸ್ಟೈರೀನ್‌ನಂಥ ವಿಷಾನಿಲ ಉಸಿರಿಗೆ ಸೇರುತ್ತದೆ. ಅಲಂಕಾರದ ಥರ್ಮಾಕೋಲನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿದೆ. ಆ ಕಾನೂನು ಹಳ್ಳಿಯ ಚಪ್ಪರದವರೆಗೆ ತಲುಪುವುದು ಊರವರು ಮನಸ್ಸು ಮಾಡಿದಾಗ ಮಾತ್ರ.

ನಿಸರ್ಗವೂ ಫೋಮ್ ಮಾಡುತ್ತದೆ. ಮದುವೆಯ ಬಾಸಿಂಗಕ್ಕೆ ಬಳಸುತ್ತ ಬಂದಿರುವ ಬೆಂಡು ಗಾಳಿ ತುಂಬಿದ ಕೋಶಗಳ ಹಂದರವೇ. ವ್ಯತ್ಯಾಸವಿರುವುದು ಕೋಶದ ಗೋಡೆಯಲ್ಲಿ. ಬೆಂಡಿನ ಸೆಲ್ಯುಲೋಸನ್ನು ಮಣ್ಣಿನ ಸೂಕ್ಷ್ಮಜೀವಿಗಳು ಅರಗಿಸಿಕೊಳ್ಳುತ್ತವೆ. ಪಾಲಿಸ್ಟೈರೀನ್ ತಲೆಮಾರು ಕಳೆದರೂ ಕರಗದು.

ಬರುವ ಮದುವೆ, ಜಾತ್ರೆಗಳ ಸಾಮಾನಿನ ಪಟ್ಟಿಯಿಂದ ಥರ್ಮಾಕೋಲನ್ನು ಹೊಡೆದುಹಾಕೋಣ. ಮಾವಿನ ಸೊಪ್ಪು, ಬಾಳೆಕಂಬ, ಅಡಿಕೆಯ ಸಿಂಗಾರ ತೋಟದಲ್ಲೇ ಇವೆ.