ಜಾಲಿಯ ಹೆಸರು ಯಾರ ಪಾಲಾಯಿತು?

ಪುರಂದರದಾಸರು ದುರ್ಜನರನ್ನು ಜಾಲಿಯ ಮರಕ್ಕೆ ಹೋಲಿಸಿದರು. ಅದು ಕವಿಯ ಮಾತು. ಜಾಲಿಗೆ ಅದರಿಂದ ನಷ್ಟವೇನೂ ಆಗಲಿಲ್ಲ. ನಮ್ಮ ರೈತ ಅದರ ಮರದಿಂದ ನೇಗಿಲು, ಗಾಡಿಯ ಚಕ್ರ ಮಾಡಿಕೊಂಡ. ತೊಗಟೆಯಿಂದ ತೊಗಲನ್ನು ಹದಮಾಡಿದ. ನಿಜವಾದ ಅನ್ಯಾಯ ನಡೆದುದು 2005ರಲ್ಲಿ, ವಿಯೆನ್ನಾದಲ್ಲಿ, ಸಸ್ಯಶಾಸ್ತ್ರಜ್ಞರ ಮಹಾಸಭೆಯಲ್ಲಿ.

ಕರಿಜಾಲಿಗೆ ಲಿನೇಯಸ್ 1753ರಲ್ಲಿ ಇಟ್ಟ ಹೆಸರು ಮಿಮೋಸ ನಿಲೋಟಿಕ. ಮರುವರ್ಷ ಫಿಲಿಪ್ ಮಿಲ್ಲರ್ ಅಕೇಶಿಯ ಎಂಬ ಕುಲವನ್ನು ಬೇರೆ ಮಾಡಿದ. ಮುಂದೆ ಆ ಕುಲಕ್ಕೆ ಮಾದರಿಯೆಂದು ಗೊತ್ತಾದುದು ಇದೇ ಮರ. ಹೆಸರೂ ಇದರದೇ, ಈಜಿಪ್ಟಿನ ಮುಳ್ಳುಮರವನ್ನು ಗ್ರೀಕರು 'ಅಕಾಕಿಯ' ಎನ್ನುತ್ತಿದ್ದರು.

ಈ ಕುಲ ಒಂದೇ ಮೂಲದ್ದಲ್ಲ, ಒಡೆಯಬೇಕು ಎಂದು ಶಾಸ್ತ್ರಜ್ಞರು ಕಂಡುಕೊಂಡರು. ಒಡೆಯಲಿ, ನನ್ನ ತಕರಾರಿಲ್ಲ. ಆದರೆ ಒಡೆದಾಗ ಹಳೆಯ ಹೆಸರು ಮಾದರಿಯ ಮರದ ಕಡೆಗೇ ಉಳಿಯತಕ್ಕದ್ದೆಂಬುದು ಅವರದೇ ಕಟ್ಟಳೆ. ಅದನ್ನು ಬದಿಗಿಟ್ಟು, ಆಸ್ಟ್ರೇಲಿಯದ ಮರವೊಂದನ್ನು ಹೊಸ ಮಾದರಿಯಾಗಿ ಕೂರಿಸುವ ಸಲಹೆ ಬಂತು. ಸಭೆಯಲ್ಲಿ ನೂರಕ್ಕೆ ಸುಮಾರು 55 ಮತಗಳು ಅದಕ್ಕೆ ವಿರೋಧವಾಗಿದ್ದವು. ತಳ್ಳಿಹಾಕಲು 60 ಬೇಕಂತೆ! ಸಲಹೆ ಗೆದ್ದಿತು. 2011ರಲ್ಲಿ ಮೆಲ್ಬೋರ್ನ್ ಸಭೆ ಅದನ್ನೇ ಎತ್ತಿಹಿಡಿಯಿತು. ಕರಿಜಾಲಿ ಈಗ ವ್ಯಾಚೆಲಿಯ ನಿಲೋಟಿಕ. ವ್ಯಾಚೆಲ್ ಚೀನದಲ್ಲಿ ಗಿಡ ಸಂಗ್ರಹಿಸಿದ ಆಂಗ್ಲ ಪಾದ್ರಿ; ಆತನಿಗೂ ನಮ್ಮ ಕರಿಜಾಲಿಗೂ ಏನು ನಂಟು?

ಆಸ್ಟ್ರೇಲಿಯದಲ್ಲಿ ಒಂಬೈನೂರಕ್ಕೂ ಮಿಕ್ಕಿ ಜಾತಿಗಳಿವೆ, ಅಷ್ಟೊಂದು ಹೆಸರು ಬದಲಿಸುವುದು ತೊಂದರೆ ಎಂಬುದು ಅವರ ಸಮರ್ಥನೆ. ಮರಗಳ ತಲೆ ಎಣಿಸುವವರು ಸಭೆಯಲ್ಲಿದ್ದ ತಲೆಗಳನ್ನೂ ಎಣಿಸಬೇಕಿತ್ತು. ಮಲೆನಾಡಿನ ಗುಡ್ಡಗಳಲ್ಲಿ ನೆಟ್ಟ ಆಸ್ಟ್ರೇಲಿಯದ 'ಅಕೇಶಿಯ'ವನ್ನು ವಾಚಕರು ನೋಡಿರಬಹುದು. ಮುಳ್ಳೇ ಇಲ್ಲದ ಆ ಮರಕ್ಕೆ ಮುಳ್ಳುಮರದ ಹೆಸರು ಸಂದಿತು!

ವಿಜ್ಞಾನ ಕಲಿಸುವ ಮಿತ್ರರು ನನಗೆ ಆಗಾಗ ಉಪದೇಶಿಸುವುದುಂಟು: ದೇಶಭಾಷೆಯ ಹೆಸರುಗಳು ಊರಿಗೊಂದು, ಲ್ಯಾಟಿನ್ ಒಂದೇ ಸ್ಥಿರ ಎಂದು. ಯಾವ ಸ್ಥಿರ, ಸ್ವಾಮಿ? ನಮ್ಮವರೂ ತಪ್ಪಿದ್ದಾರೆ, ಒಪ್ಪುತ್ತೇನೆ. ಬಳ್ಳಾರಿ ಜಾಲಿ ಅಮೆರಿಕದಿಂದ ಬಂದ ಬೇರೆಯೇ ಕುಲದ ಗಿಡ. ಆದರೆ ಅದನ್ನು ಜಾಲಿಯೆಂದು ಕರೆದಾಗ ನಾವು ಕರಿಜಾಲಿಯ ಹೆಸರನ್ನು ಕಿತ್ತುಕೊಳ್ಳಲಿಲ್ಲ.

ಉದ್ಯಾನದ ಫಲಕಗಳಲ್ಲಿ, ಪಠ್ಯಪುಸ್ತಕಗಳಲ್ಲಿ ಕರಿಜಾಲಿ ಎಂದು ದಪ್ಪಕ್ಷರದಲ್ಲಿ ಬರೆಯಲಿ. ಲ್ಯಾಟಿನ್ ಹೆಸರು ಕೆಳಗಿರಲಿ, ಮುಂದಿನ ಮಹಾಸಭೆಯ ಹೊತ್ತಿಗೆ ಅಳಿಸಿ ಬರೆಯಲು ಅನುಕೂಲವಾಗುವಂತೆ.