ಭವನದ ನಿಧಿ ಮತ್ತು ಷೇರುಪೇಟೆಯ ಹೊಸ ಮಂತ್ರ



ಮಾನೇಸರಿನಲ್ಲಿ ನಡೆದ ನಮ್ಮ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಕಿರಿಯ ಸದಸ್ಯರೊಬ್ಬರು ಒಂದು ಸಲಹೆಯನ್ನು ಮುಂದಿಟ್ಟರು. ಕನ್ನಡ ಭವನಕ್ಕೆಂದು ಕೂಡಿಟ್ಟ ನಿಧಿಯ ಅರ್ಧಭಾಗವನ್ನು ಬ್ಯಾಂಕಿನ ಠೇವಣಿಯಿಂದ ತೆಗೆದು ಕೃತಕ ಬುದ್ಧಿಮತ್ತೆಯ ಸಂಸ್ಥೆಗಳ ಷೇರುಗಳಲ್ಲಿ ತೊಡಗಿಸಿದರೆ ಭವನ ಬೇಗ ಎದ್ದು ನಿಲ್ಲುವುದೆಂಬುದು ಅವರ ವಾದ. ಅವರ ಕಾಳಜಿಯಲ್ಲಿ ನನಗೆ ಸಂಶಯವಿಲ್ಲ. ಆದರೂ ಸಲಹೆಯನ್ನು ವಿರೋಧಿಸಿದೆ. ತಮ್ಮ ಭವಿಷ್ಯನಿಧಿಯ ಹಣದ ಬಗೆಗೂ ಅನೇಕರು ಇದೇ ಪ್ರಶ್ನೆ ಕೇಳುತ್ತಿರುವುದರಿಂದ ನನ್ನ ಕಾರಣಗಳನ್ನು ಇಲ್ಲಿ ನಿವೇದಿಸುವುದು ಕರ್ತವ್ಯವೆಂದು ಭಾವಿಸುತ್ತೇನೆ.

ಕೃತಕ ಬುದ್ಧಿಮತ್ತೆ ಪೊಳ್ಳೆಂದು ನಾನು ಹೇಳುತ್ತಿಲ್ಲ. ಅದು ಲೋಕವನ್ನು ಬದಲಿಸಬಹುದು. ಆದರೆ ಒಂದು ತಂತ್ರಜ್ಞಾನ ಗೆಲ್ಲುವುದು ಬೇರೆ, ಅದರ ಷೇರು ಕೊಂಡವನು ಗೆಲ್ಲುವುದು ಬೇರೆ. 2000ದ ಮಾರ್ಚ್‌ನಲ್ಲಿ ಅಂತರಜಾಲದ ಉಪಕರಣಗಳನ್ನು ತಯಾರಿಸುವ ಅಮೆರಿಕದ ಸಿಸ್ಕೊ ಜಗತ್ತಿನ ಅತ್ಯಂತ ಮೌಲ್ಯಯುತ ಸಂಸ್ಥೆಯೆನಿಸಿತ್ತು. ಅಂತರಜಾಲ ಗೆದ್ದಿತು; ಸಿಸ್ಕೊ ಕೂಡ ಉಳಿಯಿತು. ಆದರೆ 2002ರ ವೇಳೆಗೆ ಅದರ ಷೇರಿನ ಬೆಲೆ ಶೇ. 80ಕ್ಕೂ ಹೆಚ್ಚು ಕುಸಿದಿತ್ತು. ಹಿಂದಿನ ಎತ್ತರವನ್ನು ಮತ್ತೆ ಮುಟ್ಟಲು ಕಾಲು ಶತಮಾನವೇ ಹಿಡಿಯಿತು. ನಿವೃತ್ತನಾದವನಿಗೆ ಅಷ್ಟು ಕಾಯುವ ಆಯುಷ್ಯವೆಲ್ಲಿದೆ? ಅದೇ ದಿನಗಳಲ್ಲಿ ಹೆಸರಿನಲ್ಲಿ 'ಸಾಫ್ಟ್‌ವೇರ್' ಎಂದಿದ್ದ ಮಾತ್ರಕ್ಕೆ ನಾನೂ ಒಂದು ಸಂಸ್ಥೆಯ ಷೇರು ಕೊಂಡಿದ್ದೆ. ಷೇರುಪತ್ರಗಳು ಕಪಾಟಿನಲ್ಲಿವೆ, ಸಂಸ್ಥೆ ಇಲ್ಲ.

ಈಚಿನ ಉದಾಹರಣೆಯೂ ಉಂಟು. ಚೀನಾದ ಡೀಪ್‌ಸೀಕ್ ಎಂಬ ಸಂಸ್ಥೆ ಕಡಿಮೆ ಖರ್ಚಿನಲ್ಲಿ ಸಮರ್ಥ ತಂತ್ರಾಂಶ ರೂಪಿಸಿದೆಯೆಂಬ ಸುದ್ದಿಗೆ 2025ರ ಜನವರಿ 27ರಂದು ಎನ್‌ವಿಡಿಯಾದ ಷೇರು ಒಂದೇ ದಿನದಲ್ಲಿ ಸುಮಾರು ಶೇ. 17ರಷ್ಟು ಬಿದ್ದಿತು. ಮುಂದೆ ಚೇತರಿಸಿಕೊಂಡು ಇನ್ನೂ ಎತ್ತರಕ್ಕೇರಿತೆಂಬುದು ನಿಜ. ಆದರೆ ಆ ವಾರವೇ ಮಗಳ ಮದುವೆಗೆ ಹಣ ಬೇಕಾಗಿದ್ದವನಿಗೆ ಆ ಚೇತರಿಕೆಯಿಂದ ಏನು ಪ್ರಯೋಜನ?

ಮೊದಲು ತಿಳಿದವನಿಗೂ ಕಡೆಗೆ ತಿಳಿದವನಿಗೂ ಇರುವ ಅಂತರವನ್ನು ಮಾನೇಸರಿನವರಿಗೆ ಹೇಳಿಕೊಡಬೇಕಾಗಿಲ್ಲ. ಇಲ್ಲಿಯ ಸುಮಾರು 912 ಎಕರೆ ಭೂಮಿಯ ಸ್ವಾಧೀನಕ್ಕೆ 2004ರಲ್ಲಿ ಅಧಿಸೂಚನೆ ಹೊರಟಿತು. ಸರಕಾರ ಅಲ್ಪ ಪರಿಹಾರಕ್ಕೆ ಕಿತ್ತುಕೊಳ್ಳುವುದೆಂಬ ಭಯದಿಂದ ಅನೇಕ ರೈತರು ಕಟ್ಟಡ ನಿರ್ಮಾಪಕರಿಗೆ ಭೂಮಿ ಮಾರಿದರು. 2007ರಲ್ಲಿ ಸರಕಾರ ಸ್ವಾಧೀನವನ್ನೇ ಕೈಬಿಟ್ಟಿತು, ಲಾಭ ಕೊಂಡವರದಾಯಿತು. ಇದು ಅಧಿಕಾರದ ದುರುಪಯೋಗವೆಂದು ಸರ್ವೋಚ್ಚ ನ್ಯಾಯಾಲಯ ಹೇಳುವ ಹೊತ್ತಿಗೆ 2018 ಬಂದಿತ್ತು. ಅಂದು ರೈತನನ್ನು ಭಯ ಅವಸರಪಡಿಸಿತು. ಇಂದು ನಮ್ಮನ್ನು ಆಸೆ ಅವಸರಪಡಿಸುತ್ತಿದೆ. ಪೇಟೆಯ ಒಳಸುದ್ದಿ ನಮ್ಮನ್ನು ತಲುಪುವಾಗ ಬಲ್ಲವರು ಕೊಂಡು ಮಾರಿಯಾಗಿರುತ್ತದೆ.

ಇನ್ನೊಂದು ಅಪಾಯ ನಮ್ಮ ಅಭಿಮಾನದ ಮೂಲಕವೇ ಬರುತ್ತದೆ. ಶ್ರೀ ಎನ್. ಆರ್. ನಾರಾಯಣಮೂರ್ತಿಯವರ ಮುಖವನ್ನೂ ದನಿಯನ್ನೂ ಇದೇ ಕೃತಕ ಬುದ್ಧಿಮತ್ತೆಯಿಂದ ನಕಲು ಮಾಡಿ, ತಾನಾಗಿಯೇ ವಹಿವಾಟು ನಡೆಸಿ ಲಾಭ ತರುವುದೆನ್ನುವ ಯೋಜನೆಗಳ ಜಾಹೀರಾತುಗಳನ್ನು ಹರಿಯಬಿಡಲಾಯಿತು. ತಮಗೂ ಅವುಗಳಿಗೂ ಸಂಬಂಧವಿಲ್ಲವೆಂದು ಅವರೇ 2023ರ ಡಿಸೆಂಬರ್‌ನಲ್ಲಿ ಎಚ್ಚರಿಸಬೇಕಾಯಿತು. ಪರನಾಡಿನಲ್ಲಿರುವ ನಮಗೆ 'ನಮ್ಮವರು' ಎಂಬ ಮಾತಿಗೆ ಮನಸ್ಸು ಬೇಗ ಕರಗುತ್ತದೆ. ವಂಚಕರಿಗೆ ಇದು ಚೆನ್ನಾಗಿ ಗೊತ್ತು.

ನಮ್ಮ ಕರಾವಳಿ 1928ರಲ್ಲಿ ಪಿಗ್ಮಿ ಠೇವಣಿಯನ್ನು ದೇಶಕ್ಕೆ ಕೊಟ್ಟಿತು. ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಸಂಗ್ರಹಿಸಿದ ಆ ಯೋಜನೆ ಸಿಂಡಿಕೇಟ್ ಬ್ಯಾಂಕನ್ನು ಬೆಳೆಸಿತು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು. ಆದರೆ ಅದು ಕಲಿಸಿದ ಪಾಠ ಹಳತಾಗಿಲ್ಲ. ಬಡ್ಡಿ ಬೆಲೆಯೇರಿಕೆಗೆ ಸಮನಾಗಿ ಏರುವುದಿಲ್ಲವೆಂಬ ಕಿರಿಯರ ದೂರು ನ್ಯಾಯವಾದದ್ದೇ. ಸ್ವಂತ ಸಂಪಾದನೆಯಲ್ಲಿ, ಹೋದರೂ ಸಂಸಾರ ನಡೆಯುವಷ್ಟು ಪಾಲನ್ನು, ಹಲವು ಉದ್ಯಮಗಳಲ್ಲಿ ಹಂಚಿ, ವರ್ಷಗಟ್ಟಲೆ ಕಾಯಬಲ್ಲವರು ಷೇರು ಕೊಳ್ಳಲಿ. ಸಾಲ ಮಾಡಿ, ನಿವೃತ್ತಿಯ ಗಂಟು ಬಿಚ್ಚಿ ಕೊಳ್ಳುವುದು ಬೇಡ.

ಭವನದ ನಿಧಿಯಾದರೋ ಯಾರೊಬ್ಬರದೂ ಅಲ್ಲ. ಅದರಲ್ಲಿ ಕಾರ್ಖಾನೆಯ ಪಾಳಿ ಮುಗಿಸಿ ಬಂದವರು ಕೊಟ್ಟ ನೂರು ರೂಪಾಯಿಯೂ ಇದೆ. ಗೆದ್ದರೆ ಕೀರ್ತಿ ಸಮಿತಿಗೆ, ಸೋತರೆ ನಷ್ಟ ಅವರಿಗೆ ಎಂಬ ಆಟಕ್ಕೆ ನನ್ನ ಸಮ್ಮತಿಯಿಲ್ಲ. ಭವನ ತಡವಾಗಿಯೇ ಏಳಲಿ. ಅಂತಿಮ ನಿರ್ಣಯ ಸರ್ವಸದಸ್ಯರ ಸಭೆಯದು. ತಾವೆಲ್ಲರೂ ತಪ್ಪದೆ ಬಂದು ಅಭಿಪ್ರಾಯ ತಿಳಿಸಬೇಕೆಂದು ವಿನಂತಿ.