ಮಳೆ, ಮಾಳಿಗೆ ಮತ್ತು ಮಾಯರ ಹೊತ್ತಗೆ

ಮೃಗಶಿರೆ ಕಾಲಿರಿಸಿ ಎಂಟು ದಿನಗಳಾಗಿದ್ದರೂ ಹುಮನಾಬಾದಿನ ಮೇಲೆ ಹನಿ ಬಿದ್ದಿರಲಿಲ್ಲ. ಸಂಜೆ ಅಡತಿ ಅಂಗಡಿಯ ಕಟ್ಟೆಯ ಮೇಲೆ ಎಂದಿನ ಮೂವರು ಗೆಳೆಯರು ಕೂಡಿದ್ದರು: ಅಂಗಡಿಯ ಸಾಹುಕಾರರು, ನಿವೃತ್ತ ಮಾಸ್ತರರು, ತೊಗರಿ ಬೀಜ ಕೊಳ್ಳಲು ಬಂದ ಪಾಟೀಲರು.

"ಪಂಚಾಂಗ ಮಳೆ ಉಂಟೆನ್ನುತ್ತದೆ, ಮುಗಿಲು ಇಲ್ಲವೆನ್ನುತ್ತದೆ. ಯಾರ ಮಾತು ನಂಬಬೇಕ್ರೀ ಮಾಸ್ತರ?" ಎಂದರು ಪಾಟೀಲರು.

"ಮುಗಿಲನ್ನು ಓದಹೊರಟವರು ನಾವಷ್ಟೇ ಅಲ್ಲ," ಎಂದು ಮಾಸ್ತರರು ನಕ್ಕರು. "ಮೆಕ್ಸಿಕೋ ಸೀಮೆಯ ಮಾಯ ಜನರು ಶುಕ್ರನ ಸುತ್ತು 584 ದಿನವೆಂದೆಣಿಸಿ, ಗ್ರಹಣಗಳಿಗೂ ಕೋಷ್ಟಕ ಬರೆದಿಟ್ಟಿದ್ದರು. ಅವರ ಮಳೆದೇವರಾದ ಚಾಕನೂ ಅದೇ ಹೊತ್ತಗೆಯ ಪುಟಗಳಲ್ಲಿದ್ದಾನೆ."

"ಅಂಥ ಹೊತ್ತಗೆಗಳು ಎಷ್ಟಿವೆ?"

"ನಾಲ್ಕೇ ನಾಲ್ಕು."

1562ರಲ್ಲಿ ಯುಕಾಟಾನಿನ ಮಾನಿ ಎಂಬ ಊರಿನಲ್ಲಿ ಡಿಯೇಗೋ ದೆ ಲಾಂಡಾ ಎಂಬ ಪಾದ್ರಿ, ಇವು ಸೈತಾನನ ಬರಹವೆಂದು ಹೊತ್ತಗೆಗಳಿಗೆ ಬೆಂಕಿ ಇಡಿಸಿದ. ಉಳಿದವುಗಳಲ್ಲಿ ಒಂದು ಜರ್ಮನಿಯ ಡ್ರೆಸ್ಡೆನ್ ಸೇರಿತು. 1945ರ ಬಾಂಬು ದಾಳಿಯ ವೇಳೆ ಅದೂ ನೀರಿನಲ್ಲಿ ನೆನೆಯಿತು.

"ದೂರದ ಮಾತೇಕೆ? ಕಲ್ಯಾಣದಿಂದ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆ ನಡೆದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಫ. ಗು. ಹಳಕಟ್ಟಿಯವರು ಊರೂರಿನ ತಾಳೆಯೋಲೆಗಳನ್ನು ಹುಡುಕಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚು ಹಾಕಿಸದಿದ್ದರೆ ಎಷ್ಟು ವಚನಗಳು ಗೆದ್ದಲಿನ ಪಾಲಾಗುತ್ತಿದ್ದವೋ!"

"ಮಾಯರದೂ ತಾಳೆಯೋಲೆಯೇ?" ಸಾಹುಕಾರರು ಕೇಳಿದರು.

"ಅಲ್ಲ. ಅತ್ತಿಯ ಜಾತಿಯ ಮರದ ತೊಗಟೆಯನ್ನು ಬಡಿದು, ಸುಣ್ಣ ಸವರಿ, ಮಡಿಕೆ ಮಡಿಕೆಯಾಗಿ ಮಡಚಿದ್ದು."

"ನಮ್ಮ ಕಡತದ ಹಾಗೆ!" ಎಂದ ಸಾಹುಕಾರರ ಮುಖ ತಟ್ಟನೆ ಬಾಡಿತು. ಹುಣಸೆ ಬೀಜದ ಸರಿಯಲ್ಲಿ ಇದ್ದಿಲಪುಡಿ ಕಲಸಿ, ಬಟ್ಟೆಗೆ ಬಳಿದು ಮಾಡಿದ ಅಜ್ಜನ ಕಡತವೊಂದು ಅವರ ಮನೆಯ ಅಟ್ಟದ ಪೆಟ್ಟಿಗೆಯಲ್ಲಿತ್ತು. ಆ ಪೆಟ್ಟಿಗೆಗೆ ಮುಚ್ಚಳವಿರಲಿಲ್ಲ. ಈ ಬೇಸಗೆ ಮಾಳಿಗೆಗೆ ಮಣ್ಣೂ ಬಿದ್ದಿರಲಿಲ್ಲ.

"ಬಳಪದ ಬರಹವೇ?" ಎಂದರು ಮಾಸ್ತರರು. "ನೀರು ಸೋಕಿದರೆ ಅಕ್ಷರ ಅಳಿಸಿಹೋದೀತು!"

ಆ ಹೊತ್ತಿಗೆ ಪಡುವಣದಲ್ಲಿ ಗುಡುಗು ಉರುಳಿತು. ಗಾಳಿ ಧೂಳೆಬ್ಬಿಸಿತು. ಪಾಟೀಲರು ಹಿಗ್ಗಿದರು, ಸಾಹುಕಾರರು ದಿಗಿಲುಗೊಂಡು ಎದ್ದರು.

"ಪಾಟೀಲರೇ, ನೀವು ಬೇಡಿದ ಮಳೆ ಬಂತು. ಇನ್ನು ನನ್ನ ನಿಚ್ಚಣಿಕೆ ಹಿಡಿಯಬನ್ನಿ!"

ಮೂವರೂ ಓಡಿದರು. ಕಡತವನ್ನು ಕೆಳಗಿಳಿಸಿ ಒಳಮನೆಗೆ ತರುವಷ್ಟರಲ್ಲಿ, ಅದಿದ್ದ ಪೆಟ್ಟಿಗೆಯೊಳಗೆ ಮಾಳಿಗೆಯ ಕೆಸರುನೀರು ತೊಟ್ಟಿಕ್ಕತೊಡಗಿತ್ತು. ಆದರೆ ಮಳೆ ಕಾಲು ಗಂಟೆಯಲ್ಲೇ ನಿಂತುಹೋಯಿತು. ಬಿತ್ತನೆಗೆ ಅಷ್ಟು ಹಸಿ ಸಾಲದು. ಪಾಟೀಲರ ಹಿಗ್ಗು ಕುಗ್ಗಿತು.

ಮಾಸ್ತರರು ದೀಪದ ಬೆಳಕಿನಲ್ಲಿ ಮಡಿಕೆಗಳನ್ನು ಮೆಲ್ಲನೆ ಬಿಡಿಸಿದರು. ಉಪ್ಪು, ಎಣ್ಣೆ, ಜೋಳದ ಲೆಕ್ಕ. ನಡುವೆ ಅಜ್ಜನ ಕೈಯ ಒಂದು ಸಾಲು: ಮೃಗಶಿರೆ ಬರಲಿಲ್ಲ, ಆರಿದ್ರೆಗೆ ಬಿತ್ತಿದರು, ಬೀಜದ ಸಾಲಕ್ಕೆ ಬಡ್ಡಿ ಹಿಡಿಯಲಿಲ್ಲ.

ಮೂವರೂ ಆ ಸಾಲನ್ನು ಮತ್ತೆ ಮತ್ತೆ ಓದಿದರು.

"ಹಾಗಾದರೆ ಆರಿದ್ರೆಯ ತನಕ ಕಾಯಬಹುದು," ಎಂದರು ಪಾಟೀಲರು.

"ಕಾಯಿರಿ," ಎಂದರು ಸಾಹುಕಾರರು. "ಬೀಜ ಇವತ್ತೇ ಒಯ್ಯಿರಿ. ಲೆಕ್ಕ ಅಜ್ಜ ಬರೆದ ಹಾಗೆಯೇ ಇರಲಿ."